ಪಾಲಿಗೆ ಬಂದ ಗೋಲ್

ಬೀಳಗಿ ತಾಲ್ಲೂಕಿನ ನಮ್ಮೂರಿಗೂ ಒಂದು ಫುಟ್‌ಬಾಲ್ ಕ್ಲಬ್ ಇತ್ತೆಂದರೆ ಈಗ ಯಾರೂ ನಂಬುವುದಿಲ್ಲ. ಹೊಳೆದಂಡೆಯೇ ನಮ್ಮ ಮೈದಾನ. ಎರಡೂ ಕಡೆ ಜಾಲಿಯ ಕಂಬ ನೆಟ್ಟು, ಮೇಲೆ ಅಡ್ಡಕೋಲು ಕಟ್ಟಿ ಗೋಲ್ ಮಾಡಿದ್ದೆವು. ಜಮಖಂಡಿಗೆ ಆಡಲು ಹೋದಾಗಲೆಲ್ಲ ಸೋತು ಬರುತ್ತಿದ್ದೆವು, ಮರುವರ್ಷ ಮತ್ತೆ ಹೋಗುತ್ತಿದ್ದೆವು.

ಆಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರನ್ನು ಎರಡು ಪುನರ್ವಸತಿ ಕೇಂದ್ರಗಳಿಗೆ ಒಡೆದರು. ಗುಡಿಯ ಡೊಳ್ಳುಗಳನ್ನೂ ಅಡುಗೆಯ ಹಂಡೆಗಳನ್ನೂ ಹಿರಿಯರು ಎರಡು ಪಾಲು ಮಾಡಿದರು. ಕೊನೆಗೆ ನಮ್ಮ ಗೋಲ್‌ಗಳ ಸರದಿ ಬಂತು.

“ಅವರಿಗೊಂದು, ಇವರಿಗೊಂದು. ಯಾರಿಗೂ ಅನ್ಯಾಯ ಆಗಬಾರದು,” ಎಂದರು ಹಿರಿಯರೊಬ್ಬರು.

“ಒಂದ ಗೋಲ್ ತಗೊಂಡು ಏನ್ ಮಾಡೂದ್ರೀ, ಕಾಕಾ?” ಎಂದು ನಮ್ಮ ಗೋಲ್‌ಕೀಪರ್ ಕೇಳಿದ.

“ಇನ್ನೊಂದು ನೆಟ್ಕೋರಿ. ಜಾಲಿಗೇನು ಬರ ಐತೇನು?”

ಕಂಬ ನೆಟ್ಟರೂ ಆಡುವವರು ಬೇಕಲ್ಲ! ಅರ್ಧ ತಂಡ ಈ ಕೇಂದ್ರಕ್ಕೆ, ಗೋಲ್‌ಕೀಪರ್ ಸಮೇತ ಉಳಿದರ್ಧ ಆ ಕೇಂದ್ರಕ್ಕೆ. ನಮ್ಮ ಪಾಲಿನ ಗೋಲಿಗೆ ಈಗ ತಗಡು ಹೊದಿಸಿ ಕೆಳಗೆ ಎಮ್ಮೆ ಕಟ್ಟುತ್ತಾರೆ. ಅವತ್ತು ಯಾರಾದರೂ ಜಗಳ ತೆಗೆದು ಎರಡನ್ನೂ ಕಸಿದುಕೊಂಡಿದ್ದರೆ ಆಡುವವರೆಲ್ಲ ಅಲ್ಲಿಗೇ ಬಂದು ಕ್ಲಬ್ ಒಂದು ಕಡೆಯಾದರೂ ಉಳಿಯುತ್ತಿತ್ತೇನೋ. ನಮ್ಮೂರವರು ಭಾರೀ ನ್ಯಾಯವಂತರು. ಎರಡೂ ಗೋಲ್‌ಗಳ ಅಡ್ಡಕೋಲುಗಳು ಸಮ ಇವೆಯೇ ಎಂದು ಹಗ್ಗ ಹಿಡಿದು ಅಳೆದು ನೋಡಿಯೇ ಚಕ್ಕಡಿಗೆ ಹೇರಿದರು.