ತೋಕಿನ ಹೂವು, ನನ್ನ ‘ನೋಡೋಣ’

ಮೊನ್ನೆ ಸಟನ್ ಹೈ ಸ್ಟ್ರೀಟಿನ ಸೂಪರ್ ಮಾರ್ಕೆಟ್ಟಿಗೆ ಹಾಲು ತರಲು ಹೋದವಳು ಹೂವಿನ ಬಕೆಟ್ಟುಗಳ ಮುಂದೆ ನಿಂತುಬಿಟ್ಟೆ. ಮೇಲಕ್ಕೆ ಮಡಚಿಕೊಂಡ ದಳಗಳು, ತುದಿ ಕೆಂಪು, ಬುಡ ಹಳದಿ. ಚೀಟಿಯ ಮೇಲೆ ಗ್ಲೋರಿ ಲಿಲಿ ಎಂದು ಬರೆದಿತ್ತು. ಮೈಸೂರಿನಲ್ಲಿ ನಾವು ಅದನ್ನು ಗೌರಿ ಹೂವು ಅನ್ನುತ್ತಿದ್ದೆವು. ಆದರೆ ಅಂದು ನನ್ನ ಬಾಯಿಗೆ ಬಂದ ಹೆಸರು ಬೇರೆ. ತೋಕ್ ಪೂ. ಕೊಡವರ ಮಾತಿನಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಈ ಹೆಸರನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಸಿಸ್ಟರ್. ಅವರು ಹೋಗಿ ಎಷ್ಟೋ ವರ್ಷವಾಯಿತು... ಹಾಲು ಮರೆತು ಹೂವು ಹಿಡಿದುಕೊಂಡು ಮನೆಗೆ ಬಂದೆ.

ಸಿಸ್ಟರ್ ಎಂದರೆ ಆಸ್ಪತ್ರೆಯ ಸಿಸ್ಟರ್. ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ತೊಂಬತ್ತರ ದಶಕದ ಮೊದಲಲ್ಲಿ ನಾವು ಮೈಸೂರು ಬಿಟ್ಟು ಸಟನ್ನಿಗೆ ಬಂದಾಗ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಓದಲು ಅಮೆರಿಕಕ್ಕೆ ಹೋಗಿ, ಅಲ್ಲಿಯವನನ್ನೇ ಮದುವೆಯಾಗಿ ಅಲ್ಲೇ ಇದ್ದಳು. ನಮ್ಮ ಯಜಮಾನರಿಗೆ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಡ್ಯೂಟಿ, ನನಗೆ ಕೆಮಿಸ್ಟ್ ಅಂಗಡಿಯಲ್ಲಿ ಸಂಜೆ ಆರರವರೆಗೆ ಕೆಲಸ. ನಮ್ಮ ಮಗಳು ಶಾಲೆಗೆ ಸೇರಿದ ಮೇಲೆ ಅವಳನ್ನು ಅಲ್ಲಿಂದ ಕರೆತಂದು, ಹೊಟ್ಟೆ ತುಂಬಿಸಿ, ಹೋಂವರ್ಕ್ ಮಾಡಿಸುತ್ತಿದ್ದವರು ಸಿಸ್ಟರ್. ನಾವು ಕೇಳಿದ್ದಲ್ಲ, ಅವರಾಗಿಯೇ ಹೊತ್ತುಕೊಂಡದ್ದು. ಅವರದು ಹಂದಿ ಮಾಂಸವಿಲ್ಲದೆ ಭಾನುವಾರ ಕಳೆಯದ ಮನೆ, ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅದಕ್ಕೆಂದೇ ಹಸಿರು ಹಿಡಿಯ ಒಂದು ಬಾಣಲೆ ತಂದು ನನ್ನ ಮಗಳಿಗೆಂದು ಬೇರೆ ಇಟ್ಟಿದ್ದರು. ಅದರಲ್ಲಿ ಬೇರೇನೂ ಬೇಯಿಸುತ್ತಿರಲಿಲ್ಲ.

ಪ್ರತಿ ಶನಿವಾರ ಸಿಸ್ಟರ್ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಕಾರು ಹತ್ತುತ್ತಿದ್ದರು. ಎಲ್ಲಿಗೆ ಎಂದರೆ ಕ್ಲಬ್ಬಿಗೆ ಎನ್ನುತ್ತಿದ್ದರು. ಮೈಸೂರಿನಲ್ಲಿ ಕ್ಲಬ್ಬು ಎಂದರೆ ಇಸ್ಪೀಟು. ಪಾಪ, ಒಂಟಿ ಹೆಂಗಸು, ನಾಲ್ಕು ಜನರ ಜೊತೆ ಎಲೆ ಹಾಕಿ ಹೊತ್ತು ಕಳೆಯುತ್ತಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿಯೇ ಅಷ್ಟು. ಮೂರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಒಂದು ಸೆಪ್ಟೆಂಬರಿನ ಸಂಜೆ ಸಿಸ್ಟರ್ ಮನೆಯಿಂದ ಮಗಳನ್ನು ಕರೆದುಕೊಂಡು ಬರುತ್ತಿದ್ದಾಗ ಅವಳು ಸಲೀಸಾಗಿ ಹೇಳಿದಳು: “ಸಿಸ್ಟರ್ ಆಂಟಿ ಹ್ಯಾಸ್ ಎ ಗನ್, ಅಮ್ಮಾ. ವಿತ್ ಎ ಫ್ಲವರ್ ಇನ್ ಇಟ್.”

ಮಗಳನ್ನು ಒಳಗೆ ಬಿಟ್ಟು ಪಕ್ಕದ ಮನೆಗೆ ಓಡಿದೆ. ಸಿಸ್ಟರ್ ನಗುತ್ತಲೇ ಒಳಗೆ ಕರೆದರು. ದೇವರ ಮುಂದೆ ಮಣೆ, ಮಣೆಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಒಂದು ಪಿಸ್ತೂಲು. ನಳಿಗೆಯ ಬಾಯಲ್ಲಿ ಈ ಹೂವು. ಅಂದು ಅವರ ಕೈಲ್‌ಪೊಳ್ದ್, ಆಯುಧಕ್ಕೆ ಪೂಜೆ ಮಾಡುವ ಹಬ್ಬ. ಊರಿನ ಕೋವಿ ಊರಿನಲ್ಲಿದೆ, ಇಲ್ಲಿ ಇರುವುದು ಇದೊಂದೇ, ಕ್ಲಬ್ಬಿನಲ್ಲಿ ಗುರಿ ಹೊಡೆಯಲು ಲೈಸೆನ್ಸ್ ತೆಗೆದುಕೊಂಡದ್ದು ಎಂದರು. ವರ್ಷವಿಡೀ ಅದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ, ಎರಡು ಬೀಗದ ಹಿಂದೆ ಇರುತ್ತದಂತೆ. ಗುಂಡುಗಳು ಮಹಡಿಯಲ್ಲಿ ಬೇರೆ ಬೀಗದಲ್ಲಿ. ನಾನು ಪ್ರಸಾದ ತೆಗೆದುಕೊಂಡು ಬಂದೆ. ಒಂದು ಅಳುಕು ಮಾತ್ರ ಒಳಗೆ ಕೂತುಬಿಟ್ಟಿತು.

ಮುಂದಿನ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನ ಶಾಲೆಗೆ ಒಬ್ಬ ಮನುಷ್ಯ ಕೈಯಲ್ಲಿ ಪಿಸ್ತೂಲುಗಳನ್ನು ಹಿಡಿದು ನುಗ್ಗಿದ. ಸತ್ತ ಮಕ್ಕಳು ನನ್ನ ಮಗಳಷ್ಟೇ ವಯಸ್ಸಿನವರು. ಆ ವಾರ ಶಾಲೆಯ ಗೇಟಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಆ ಮನುಷ್ಯನ ಪಿಸ್ತೂಲುಗಳಿಗೂ ಲೈಸೆನ್ಸ್ ಇತ್ತು, ಅವನೂ ಕ್ಲಬ್ಬಿಗೆ ಹೋಗುತ್ತಿದ್ದ ಎಂದು ಟೀವಿಯಲ್ಲಿ ಕೇಳಿದ ಮೇಲೆ ನನಗೆ ನಿದ್ದೆಯೇ ಹತ್ತಲಿಲ್ಲ. ಮರುದಿನ ಸಿಸ್ಟರ್ ಮನೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ, “ತೋಕ್ ಇರೋ ಮನೆಗೆ ನನ್ನ ಮಗೂನ ಕಳಿಸಲ್ಲ ಸಿಸ್ಟರ್.”

ಅವರ ಮುಖ ಸಣ್ಣದಾಯಿತು. ಆದರೂ ಸ್ವರ ಏರಿಸಲಿಲ್ಲ. “ನೀನು ಆಯುಧಪೂಜೆಗೆ ಕತ್ತರಿಗೆ, ಚಾಕುವಿಗೆ ಕುಂಕುಮ ಇಡ್ತೀಯಲ್ಲ ಮಾರಾಯ್ತಿ. ನನ್ನದಕ್ಕೆ ಎರಡು ಬೀಗ ಉಂಟು. ನಿನ್ನ ಚಾಕುವಿಗೆ ಎಷ್ಟು ಬೀಗ? ಕೆಟ್ಟದ್ದು ಮಾಡೋದು ತೋಕಲ್ಲ, ಕೈ.”

ನಾನು ಹಟ ಬಿಡಲಿಲ್ಲ. ಸೋಮವಾರದಿಂದಲೇ ಮಗಳನ್ನು ಎರಡು ಬೀದಿ ಆಚೆಯ ಚೈಲ್ಡ್ ಮೈಂಡರ್ ಹತ್ತಿರ ಬಿಟ್ಟೆ. ಪಿಸ್ತೂಲುಗಳನ್ನು ನಿಷೇಧಿಸಬೇಕೆಂದು ಊರೂರಲ್ಲಿ ಸಹಿ ಸಂಗ್ರಹಿಸುತ್ತಿದ್ದ ಕಾಲ ಅದು. ನಾನೂ ಹಾಳೆ ಹಿಡಿದು ನಮ್ಮ ರಸ್ತೆಯ ಮನೆಮನೆಗೆ ಹೋದೆ, ಒಂದು ಮನೆಯನ್ನು ಬಿಟ್ಟು. ಆ ಸಂಜೆ ಸಿಸ್ಟರೇ ಬಂದು ಬಾಗಿಲು ತಟ್ಟಿದರು, ಹಾಳೆ ಕೇಳಿದರು, ಕನ್ನಡಕ ಏರಿಸಿ ಪೂರ್ತಿ ಓದಿ ಸಹಿ ಹಾಕಿದರು. ಆಪರೇಷನ್ ಥಿಯೇಟರಿನಲ್ಲಿ ಗುಂಡೇಟು ತಿಂದವರನ್ನು ನೋಡಿದ್ದೇನೆ ಎಂದರು. “ನನ್ನ ಕೈ ಮೇಲೆ ನನಗೆ ನಂಬಿಕೆ ಉಂಟು. ಎಲ್ಲರ ಕೈ ಮೇಲೆ ಇಲ್ಲ.” ಇಷ್ಟೇ ಹೇಳಿ ಹೊರಟುಹೋದರು.

ಕಾಯಿದೆ ಬಂತು. ಪಿಸ್ತೂಲು ಇದ್ದವರೆಲ್ಲ ಪೊಲೀಸ್ ಸ್ಟೇಷನ್ನಿಗೆ ತಂದು ಒಪ್ಪಿಸಬೇಕು ಎಂದರು. ಸಿಸ್ಟರ್ ನನ್ನನ್ನು ಜೊತೆಗೆ ಕರೆದರು. ಅಂದು ಅವರು ಕೊಡವರಂತೆ ನೆರಿಗೆ ಹಿಂದಕ್ಕೆ ಬಿಟ್ಟು ರೇಷ್ಮೆ ಸೀರೆ ಉಟ್ಟಿದ್ದರು. ಕೌಂಟರಿನಲ್ಲಿದ್ದ ಪೊಲೀಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಕ್ಷಣ ಹಾಗೆಯೇ ನಿಂತ. ನಳಿಗೆಯ ಬಾಯಲ್ಲಿ ತೋಕ್ ಪೂ. ಎರಡು ಬೆರಳಲ್ಲಿ ಅದನ್ನು ತೆಗೆದು ಸಿಸ್ಟರಿಗೆ ವಾಪಸು ಕೊಡಲು ಬಂದ. ಬೇಡ, ನೀವೇ ಇಟ್ಟುಕೊಳ್ಳಿ ಎಂದರು. ಆತ ಹೂವನ್ನು ತನ್ನ ಟೀ ಮಗ್ಗಿನಲ್ಲಿ ನಿಲ್ಲಿಸಿ ಆಮೇಲೆ ರಸೀದಿ ಬರೆದ. ಸಿಸ್ಟರ್ ರಸೀದಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡರು.

ಬಸ್ ಸ್ಟಾಪಿನಲ್ಲಿ ಕೂತಾಗ ಕೇಳಿದರು. “ಈಗ ತೋಕ್ ಇಲ್ಲ. ಇನ್ನು ಮಗೂನ ಕಳಿಸ್ತೀಯಲ್ಲ?”

ನಾನು ಹೇಳಿದೆ, “ನೋಡೋಣ ಸಿಸ್ಟರ್.”

ನಮ್ಮ ಮೈಸೂರಿನವರ ನೋಡೋಣದ ಅರ್ಥ ಮೈಸೂರಿನವರಿಗೆ ಗೊತ್ತು. ಮುಖ ಮುರಿಯದೆ ಇಲ್ಲ ಎನ್ನುವ ಬಗೆ ಅದು. ಕೇಳಿದವರು ಅರ್ಥ ಮಾಡಿಕೊಂಡು ಮತ್ತೆ ಆ ಮಾತೆತ್ತುವುದಿಲ್ಲ. ಕೊಡಗಿನ ಈ ಹೆಂಗಸು ಅದನ್ನು ನಿಜವೆಂದೇ ನಂಬಿದರು. ನಾನು ನೋಡುತ್ತಿದ್ದೇನೆ, ನೋಡಿ ಆದ ಮೇಲೆ ಹೇಳುತ್ತೇನೆ ಎಂದುಕೊಂಡರು. ಬಟ್ಟೆ ಒಣಗಿಸುವಾಗ ಬೇಲಿಯ ಆಚೆಯಿಂದ, “ನೋಡಿದೆಯಾ ಮಾರಾಯ್ತಿ?” ಎಂದು ಕೇಳುತ್ತಿದ್ದರು. ಹಸಿರು ಹಿಡಿಯ ಬಾಣಲೆ ಅವರ ಅಡುಗೆಮನೆಯ ಮೊಳೆಯಲ್ಲಿ ಹಾಗೆಯೇ ನೇತಾಡುತ್ತಿತ್ತು. ಯಾಕೆ ಕಳಿಸಲಿಲ್ಲ ಎಂದರೆ ಏನು ಹೇಳಲಿ... ಭಯ ಹೋಗಿತ್ತು, ಉಳಿದದ್ದು ನಾಚಿಕೆ. ಅಷ್ಟು ಮಾತಾಡಿದ ಮೇಲೆ ದಿನಾ ಅವರ ಬಾಗಿಲಿಗೆ ಮಗಳ ಕೈ ಹಿಡಿದು ಹೋಗುವ ಮುಖ ನನಗಿರಲಿಲ್ಲ. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಎರಡು ಮೂರು ವರ್ಷದ ಮೇಲೆ ಅವರ ಮಗಳಿಗೆ ಹೆಣ್ಣು ಮಗುವಾಯಿತು. ಮೂರು ತಿಂಗಳ ಬಾಣಂತನಕ್ಕೆಂದು ಎರಡು ಸೂಟ್‌ಕೇಸು ತುಂಬಿಕೊಂಡು ಅಮೆರಿಕಕ್ಕೆ ಹೋದ ಸಿಸ್ಟರ್ ಹದಿನೆಂಟನೆಯ ದಿನಕ್ಕೆ ವಾಪಸು ಬಂದರು. ನಾನು ಕಾಫಿ ಮಾಡಿಕೊಂಡು ಹೋದೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು. ಅಳಿಯನ ಪಿಸ್ತೂಲು ಮಂಚದ ಪಕ್ಕದ ಡ್ರಾಯರಿನಲ್ಲಿ ಇತ್ತಂತೆ. ಗುಂಡು ತುಂಬಿಯೇ. ಬೀಗವಿಲ್ಲ. ಕಳ್ಳ ಬಂದರೆ ಕೀಲಿ ಹುಡುಕುತ್ತಾ ಕೂರಲೇ ಎಂದನಂತೆ. ಗನ್ನೇ ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ, ಬೀಗ ಹಾಕು ಎಂದೆ ಅಷ್ಟೆ ಎಂದರು ಸಿಸ್ಟರ್. ಆ ವರ್ಷ ಅಲ್ಲಿಯ ಶಾಲೆಯೊಂದರಲ್ಲೂ ಗುಂಡು ಹಾರಿ ಮಕ್ಕಳು ಸತ್ತಿದ್ದರು. ಟೀವಿಯಲ್ಲಿ ರಾಜಕಾರಣಿಗಳು ಎರಡು ಪಕ್ಷವಾಗಿ ಕಿರುಚಾಡುತ್ತಿದ್ದರಂತೆ, ಒಬ್ಬ ಹಕ್ಕು ಅನ್ನುವುದು, ಇನ್ನೊಬ್ಬ ಕಾಯಿದೆ ಅನ್ನುವುದು. ಮನೆಯ ಸೋಫಾದಲ್ಲೂ ಅದೇ ಎರಡು ಪಕ್ಷ. ನಡುವೆ ಡ್ರಾಯರು ಹಾಗೆಯೇ ಇತ್ತು.

“ಕೆಟ್ಟದ್ದು ಮಾಡೋದು ಗನ್ ಅಲ್ಲ, ಮನುಷ್ಯ ಅಂದ ಅಳಿಯ. ಚಾಕುವಿಗೆ ಬೀಗ ಹಾಕ್ತೀರಾ ಅಂದ. ನಾನು ನಿನಗೆ ಹೇಳಿದ ಮಾತೇ ಅಲ್ವಾ ಅದು,” ಎಂದು ಸಿಸ್ಟರ್ ನಕ್ಕರು. ಆ ನಗು ನೋಡಲಾಗಲಿಲ್ಲ. ಬೀಗ ಬೀಳುವವರೆಗೆ ಈ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿ ಬಂದಿದ್ದರು. ನೀನೂ ಮನೆಯಲ್ಲಿ ಗನ್ ಇಟ್ಟುಕೊಂಡೇ ನನ್ನನ್ನು ಬೆಳೆಸಿದೆಯಲ್ಲ ಎಂದು ಮಗಳೂ ಹಟ ಹಿಡಿದಿದ್ದಳು. ತಾಯಿಗೆ ತಕ್ಕ ಮಗಳು.

ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಕಾರ್ಡೊಂದರ ಹಿಂದೆ ಮಗಳ ನಂಬರ್ ಬರೆದು ನನ್ನ ಕೈಗಿಟ್ಟರು. “ನೀನು ನನಗೆ ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, ಅವಳಿಗೂ ಒಂದು ಸಲ ಹಾಗೇ ಹೇಳು. ನಾನು ಹೇಳಿದ್ರೆ ಜಗಳ. ನೀನು ಹೇಳಿದ್ದನ್ನ ನಾನು ಕೇಳಿದೆ, ಅವಳೂ ಕೇಳ್ತಾಳೆ.”

ಬೇರೆಯವರ ಸಂಸಾರ, ಅದೂ ಅಮೆರಿಕದ ಅಳಿಯ. ನಾನು ಮೂಗು ತೂರಿಸಿದರೆ ಏನೆಂದುಕೊಂಡಾರು? ಹೇಳಿದೆ, “ನೋಡೋಣ ಸಿಸ್ಟರ್.”

ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಇಟ್ಟು ಅಂಟಿಸಿದೆ. ಕ್ರಿಸ್‌ಮಸ್ ಕಳೆಯಲಿ ಎಂದುಕೊಂಡೆ. ಆಮೇಲೆ ಮಗಳ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಇಷ್ಟು ದಿನ ಬಿಟ್ಟು ಈಗ ಮಾಡಿದರೆ ಚೆನ್ನಾಗಿರುವುದಿಲ್ಲ ಅನಿಸಿತು. ಫ್ರಿಜ್ಜು ಬದಲಾಯಿತು, ಕಾರ್ಡು ಹೊಸ ಫ್ರಿಜ್ಜಿಗೆ ಬಂತು. ಮೊಮ್ಮಗಳ ಫೋಟೋ ವರ್ಷಕ್ಕೊಂದು ಬರುತ್ತಿತ್ತು, ಸಿಸ್ಟರ್ ಬೇಲಿಯ ಮೇಲಿಂದ ತೋರಿಸುತ್ತಿದ್ದರು. ಒಂದು ಸಲವೂ ಫೋನ್ ಮಾಡಿದೆಯಾ ಎಂದು ಕೇಳಲಿಲ್ಲ. ನನ್ನ ನೋಡೋಣದ ಅರ್ಥ ಈಗ ಅವರಿಗೂ ತಿಳಿಯಿತು, ಬಿಟ್ಟುಬಿಟ್ಟರು ಎಂದೇ ನಾನು ಸಮಾಧಾನ ಮಾಡಿಕೊಂಡಿದ್ದೆ.

ಏಳು ವರ್ಷ. ಆಮೇಲೆ ಒಂದು ಫೆಬ್ರವರಿಯಲ್ಲಿ ಸಿಸ್ಟರಿಗೆ ಹೃದಯಾಘಾತವಾಯಿತು. ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ಎರಡು ದಿನ ಇದ್ದು ಹೋಗಿಬಿಟ್ಟರು. ಅವರ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿಳಿದದ್ದು ಆಮೇಲೆ. ಊರಲ್ಲಾದರೆ ಸತ್ತವರಿಗೆ ಎರಡು ಗುಂಡು ಹಾರಿಸುತ್ತಾರೆ ಎಂದು ಸಿಸ್ಟರ್ ಹಿಂದೊಮ್ಮೆ ಹೇಳಿದ್ದರು. ಚಿತಾಗಾರದಲ್ಲಿ ಪರದೆ ಸರಿದ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮೊಮ್ಮಗಳು ತಾಯಿಯ ಕೋಟು ಹಿಡಿದು ನಿಂತಿತ್ತು. ಅಜ್ಜಿಯದೇ ಹಣೆ. ತನ್ನನ್ನು ಹದಿನೆಂಟು ದಿನ ಎತ್ತಿಕೊಂಡಿದ್ದ ಅಜ್ಜಿಯ ನೆನಪು ಆ ಮಗುವಿಗೆ ಎಲ್ಲಿರಬೇಕು.

ಹೊರಗೆ ಬಂದ ಮೇಲೆ ಸಿಸ್ಟರ್ ಮಗಳು ನನ್ನ ಹತ್ತಿರ ಬಂದಳು. ಕನ್ನಡ ಅಷ್ಟಿಷ್ಟು ಬರುತ್ತಿತ್ತು. “ಆಂಟಿ, ಪ್ರತಿ ಸಲ ಫೋನಲ್ಲಿ ಅಮ್ಮ ನಿಮ್ಮ ವಿಷಯ ಹೇಳ್ತಿದ್ದರು. ಅವಳು ನಿನಗೆ ಫೋನ್ ಮಾಡ್ತಾಳೆ, ನೋಡ್ತಿದ್ದಾಳೆ ಅಂತ.”

ನೋಡ್ತಿದ್ದಾಳೆ. ಏಳು ವರ್ಷವೂ ಅವರು ನಂಬಿಕೊಂಡೇ ಇದ್ದರು. ಡ್ರಾಯರು ಹಾಗೇ ಇದೆಯಾ ಎಂದು ಕೇಳಿದೆ. ಹೌದು ಎಂದು ತಲೆಯಾಡಿಸಿದಳು. ಅಲ್ಲಿ ಅಷ್ಟು ಜನರ ನಡುವೆ ಮುಂದಿನ ಮಾತು ಆಡಲಾಗಲಿಲ್ಲ.

ಅವರು ವಾಪಸು ಹೋದ ಎರಡು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಕಾರ್ಡು ಕಿತ್ತು ನಂಬರ್ ಒತ್ತಿದೆ. ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟೇ. ನನಗೆ ಭಯವಿತ್ತು, ಅದಕ್ಕೆ ನಿಮ್ಮ ಅಮ್ಮನ ಮನೆಗೆ ಮಗಳನ್ನು ಕಳಿಸದೆ ನಿಲ್ಲಿಸಿದೆ. ಅವರು ನನ್ನ ಜೊತೆ ವಾದ ಮಾಡಿದರು, ಆಮೇಲೆ ಹೂವಿಟ್ಟು ಕೋವಿ ಒಪ್ಪಿಸಿ ಬಂದರು. ಅವರ ಭಯ ನನ್ನಿಂದ ಹತ್ತಿದ್ದು, ಬೈಯುವುದಾದರೆ ನನ್ನನ್ನು ಬೈಯಿರಿ. ಆ ಮಗುವಿಗಾಗಿ ಒಂದು ಬೀಗ ಹಾಕಿ. ಅವಳು ಅಳುತ್ತಿದ್ದಳು. ಇನ್ನೊಂದು ಫೋನಿನಲ್ಲಿ ಅಳಿಯ ಕೇಳಿಸಿಕೊಳ್ಳುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದ. ಅತ್ತೆಯ ಪೆಟ್ಟಿಗೆಯನ್ನು ಗೋಡೆಗೆ ಹೇಗೆ ಕೂರಿಸಿದ್ದರು? ಮೆಟ್ಟಿಲ ಕೆಳಗೆ, ನಾಲ್ಕು ಬೋಲ್ಟು, ಎರಡು ಬೀಗ ಎಂದೆ.

ಮುಂದಿನ ತಿಂಗಳು ಒಂದು ಫೋಟೋ ಬಂತು. ಉಕ್ಕಿನ ಪೆಟ್ಟಿಗೆ, ನಾಲ್ಕು ಬೋಲ್ಟು, ಎರಡು ಬೀಗ.

ಅಂದು ಫೋನ್ ಇಟ್ಟಾಗ ಅದರ ಪರದೆಯ ಮೇಲೆ ಹನ್ನೊಂದು ನಿಮಿಷ ಎಂದಿತ್ತು. ಹನ್ನೊಂದು ನಿಮಿಷದ ಕೆಲಸ. ಅದನ್ನು ಮಾಡದೆ ನಾನು ಒಬ್ಬ ಅಜ್ಜಿಗೆ ಮೊಮ್ಮಗಳನ್ನು ಏಳು ವರ್ಷ ತಪ್ಪಿಸಿದೆ. ಜಗತ್ತಿನ ಯಾವ ಕೋರ್ಟೂ ನನ್ನನ್ನು ಇದಕ್ಕೆ ಕೇಳುವುದಿಲ್ಲ, ಗೊತ್ತು.

ಮೊನ್ನೆ ತಂದ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ. ಈ ಮನೆಯಲ್ಲಿ ಪ್ರತಿ ವರ್ಷ ಆಯುಧಪೂಜೆಗೆ ಕತ್ತರಿಗೆ, ಹೊಲಿಗೆ ಯಂತ್ರಕ್ಕೆ, ಕಾರಿಗೆ ಕುಂಕುಮ ಇಟ್ಟಿದ್ದೇನೆ, ಫೋನಿಗೆ ಒಮ್ಮೆಯೂ ಇಟ್ಟಿಲ್ಲ. ಎದ್ದು ಹೋಗಿ ಹಾಲ್‌ವೇಯ ಮೇಜಿನ ಮೇಲಿದ್ದ ಹಳೆಯ ಫೋನಿನ ಧೂಳು ಒರೆಸಿದೆ. ತೋಕ್ ಪೂವನ್ನು ಅದರ ಮೇಲಿಟ್ಟೆ.