ಅಮ್ಮನ ಅಳತೆಯ ಕೋವಿ

ಆಗೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಹಂದಿ, ಎದ್ದರೂ ಹಂದಿ. ನನ್ನ ಒಂಬತ್ತನೆಯ ವರ್ಷವನ್ನು ನೆನೆದರೆ ಕುಚ್ಚಲಕ್ಕಿ ಗಂಜಿಯ ಹಬೆ, ಕೋವಿಗೆ ಹಚ್ಚುವ ಎಣ್ಣೆಯ ವಾಸನೆ, ಹಲ್ಲು ಕಚ್ಚಿಕೊಂಡ ಅಮ್ಮನ ಮುಖ ಮೂರೂ ಒಟ್ಟಿಗೇ ಬರುತ್ತವೆ. ಜರ್ಮನಿಯಲ್ಲಿ ಬೆಳೆದವಳ ಬಾಲ್ಯ ಅಂದರೆ ಹಿಮ, ಚಾಕಲೇಟು, ಕ್ರಿಸ್‌ಮಸ್ ಮರ ಎಂದು ಊರಿನ ಬಂಧುಗಳು ಎಣಿಸಿಕೊಂಡಿದ್ದಾರೆ. ನನ್ನ ಬಾಲ್ಯದಲ್ಲಿ ಇದ್ದದ್ದು ಸೇಡು. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖದ ವರ್ಷ ನನಗೆ ಮತ್ತೆ ಬರಲಿಲ್ಲ.

ನಾವಿದ್ದದ್ದು ರೇಗನ್ಸ್‌ಬರ್ಗ್‌ನಿಂದ ಸ್ವಲ್ಪ ಹೊರಗಿನ ಹಳ್ಳಿಯಲ್ಲಿ. ಮನೆಯ ಒಂದು ಕಡೆ ಕಾಡು, ಇನ್ನೊಂದು ಕಡೆ ಮುಸುಕಿನ ಜೋಳದ ಹೊಲ. ಅಪ್ಪನಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ. ಸಂಜೆ ಸೈಕಲ್ಲಿನಲ್ಲಿ ಬಂದವರು ಬ್ಯಾಗು ಅಲ್ಲೇ ಎಸೆದು ಅಂಗಳದಲ್ಲಿ ನಮ್ಮ ಜೊತೆ ಲಗೋರಿಗೆ ಇಳಿಯುತ್ತಿದ್ದರು. ಪಕ್ಕದ ಮನೆಯ ರೈತ ಅಲೋಯಿಸಜ್ಜನ ಹಳೇ ಕೊಟ್ಟಿಗೆಯ ಹೆಂಚಿನ ಚೂರುಗಳೇ ನಮ್ಮ ಲಗೋರಿ. ಬೀದಿಯ ಜರ್ಮನ್ ಮಕ್ಕಳಿಗೆಲ್ಲ ಆ ಆಟ ಕಲಿಸಿದ್ದು ಅಪ್ಪ. ಚೆಂಡು ಬೆನ್ನಿಗೆ ಬೀಳುವಷ್ಟರಲ್ಲಿ ಅವರು ಕೊಟ್ಟಿಗೆಯ ಆಚೆ ತಲುಪಿರುತ್ತಿದ್ದರು. ‘ನಿನ್ನ ಅಪ್ಪನ ಕಾಲಿಗೆ ಮೋಟಾರು ಇದೆಯಾ?’ ಎಂದು ಮಕ್ಕಳು ಕೇಳಿದರೆ ನಾನು ಉಬ್ಬಿ ಹೋಗುತ್ತಿದ್ದೆ.

ಅದರ ಹಿಂದಿನ ವರ್ಷದ ಒಂದು ಸಂಜೆ ಯಂತ್ರ ಜೋಳ ಕೊಯ್ಯುತ್ತಿತ್ತು. ಹೊಲದೊಳಗೆ ಅಡಗಿದ್ದ ದೊಡ್ಡ ಗಂಡುಹಂದಿ ಸದ್ದಿಗೆ ಹೆದರಿ ದಾರಿಗೆ ನುಗ್ಗಿತು. ಅದೇ ಹೊತ್ತಿಗೆ ಆ ದಾರಿಯಲ್ಲಿ ಅಪ್ಪ ಬರುತ್ತಿದ್ದರು. ಅವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗಾಲು ಕೋಲಿನ ಹಾಗೆ ನೆಟ್ಟಗಾಗಿತ್ತು. ಮಂಡಿ ಮತ್ತೆ ಮಡಚಲೇ ಇಲ್ಲ. ತೊಡೆಯೊಳಗಿಂದ ಡಾಕ್ಟರು ಹಂದಿಯ ಕೋರೆಯ ಒಂದು ಚೂರು ತೆಗೆದಿದ್ದರು. ಅಮ್ಮ ಅದನ್ನು ಕೇಳಿ ತಂದು, ತೊಳೆದು, ದೇವರ ಮುಂದಿನ ಕುಂಕುಮದ ಕರಡಿಗೆಯಲ್ಲಿ ಹಾಕಿಟ್ಟಳು. ದಿನಾ ಸ್ನಾನ ಮಾಡಿ ಬಂದು ಕುಂಕುಮ ಇಡುವಾಗ ಅದು ಅವಳ ಬೆರಳಿಗೆ ತಾಗಬೇಕು, ಹಾಗೆ.

“ಅದಾದ್ರೂ ಎಂತ ಮಾಡ್ತದೆ ಮಾರಾಯ್ತಿ? ಹೆದರಿ ಓಡಿದ್ದು. ನಾನು ಎದುರು ಸಿಕ್ಕಿದೆ, ಅಷ್ಟೆ,” ಎಂದರು ಅಪ್ಪ.

“ನೀವು ಸುಮ್ನೆ ಕೂತ್ಕೊಳ್ಳಿ. ನಿಮ್ಗೆ ಎಲ್ರ ಮೇಲೂ ಪಾಪ,” ಎಂದಳು ಅಮ್ಮ.

ನಾನು ಅಮ್ಮನ ಪಕ್ಷ. ಅಂಗಳದಲ್ಲಿ ಹೆಂಚಿನ ಚೂರುಗಳು ಹಾಗೇ ಬಿದ್ದಿದ್ದವು. ಅವುಗಳ ಮೇಲೆ ಪಾಚಿ ಹಿಡಿಯುವುದನ್ನು ನಾನು ದಿನಾ ಕಿಟಕಿಯಿಂದ ನೋಡುತ್ತಿದ್ದೆ.

ಅಮ್ಮ ಬೆಳ್ತಂಗಡಿಯವಳು. ಬೆಳೆ ಕಾಯಲಿಕ್ಕೆಂದು ಅವಳ ಅಪ್ಪನ ಮನೆಯಲ್ಲಿ ಒಂಟಿ ನಳಿಗೆಯ ಲೈಸೆನ್ಸಿನ ಕೋವಿ ಇತ್ತು. ಅಜ್ಜನ ಜೊತೆ ಗದ್ದೆಯ ಕಾವಲಿಗೆ ಕೂತವಳು, ಹಂದಿಯ ಸದ್ದು ಬಲ್ಲವಳು. ಆದರೆ ಇಲ್ಲಿ ಕೋವಿ ಹಿಡಿಯಬೇಕಾದರೆ ಮೊದಲು ಬೇಟೆಯ ಪರೀಕ್ಷೆ ಪಾಸಾಗಬೇಕು, ಅದೂ ಜರ್ಮನ್ ಭಾಷೆಯಲ್ಲಿ ಎಂದು ಅಲೋಯಿಸಜ್ಜ ಹೇಳಿದ. ಸುತ್ತಲಿನ ಕಾಡಿನ ಬೇಟೆಯ ಗುತ್ತಿಗೆ ಅವನದೇ. ಅಮ್ಮನನ್ನು ನಿಲ್ಲಿಸಲಿಕ್ಕೆ ಅಷ್ಟು ಸಾಕು ಎಂದು ಅಪ್ಪ ನೆಮ್ಮದಿಯಿಂದಿದ್ದರು. ಯಾಕೆಂದರೆ ಅಷ್ಟು ವರ್ಷವಾದರೂ ಅಮ್ಮ ಜರ್ಮನ್ ಕಲಿತಿರಲಿಲ್ಲ. ಬಾಯಿಗೆ ಕಲ್ಲು ಹಾಕಿ ಮಾತಾಡಿದ ಹಾಗಾಗುತ್ತದೆ ಎಂದು ಅಂಗಡಿಯಲ್ಲೂ ಬೆರಳು ತೋರಿಸಿಯೇ ಸಾಮಾನು ತರುತ್ತಿದ್ದಳು.

ಆ ಚಳಿಗಾಲ ಅಮ್ಮ ಜರ್ಮನ್ ಕಲಿತಳು. ನಾನೇ ಅವಳ ಟೀಚರು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ನೀರುದೋಸೆ ಕಾವಲಿಗೆ ಹೊಯ್ಯುತ್ತಾ ಕಾಡುಪ್ರಾಣಿಗಳ ಹಲ್ಲು, ಗೊರಸು, ರೋಗಗಳ ಹೆಸರು ಉರು ಹೊಡೆಯುತ್ತಿದ್ದಳು. ಬೇಟೆಗಾರರ ಜರ್ಮನ್ ಬೇರೆಯೇ ಒಂದು ಜರ್ಮನ್. ಅವರಲ್ಲಿ ರಕ್ತಕ್ಕೆ ಬೆವರು ಎನ್ನುತ್ತಾರೆ, ಕಣ್ಣಿಗೆ ದೀಪ ಎನ್ನುತ್ತಾರೆ. ಅಮ್ಮ ಕಲಿತದ್ದು ಅದನ್ನೇ, ಹಾಗಾಗಿ ಬ್ರೆಡ್ ಕೇಳಲು ಅವಳ ನಾಲಿಗೆ ತಡವರಿಸುತ್ತಿತ್ತು, ಹಂದಿಯನ್ನು ಸುಲಿಯುವ ಕ್ರಮ ಮಾತ್ರ ನೀರು ಕುಡಿದಷ್ಟು ಸಲೀಸು. ಒಮ್ಮೆ ಕೈ ಕೊಯ್ದುಕೊಂಡು ಡಾಕ್ಟರ ಹತ್ತಿರ ಹೋಗಿ ‘ಬೆವರು ನಿಲ್ಲುತ್ತಿಲ್ಲ’ ಎಂದಳಂತೆ. ಆ ಡಾಕ್ಟರು ಬವೇರಿಯದ ಹಳ್ಳಿಯವರು. ‘ನೀವು ಬೇಟೆಗಾರ್ತಿಯಾ?’ ಎಂದು ಎದ್ದು ಕೈಕುಲುಕಿದರಂತೆ.

ಪರೀಕ್ಷೆ ಪಾಸಾಯಿತು. ಅಪ್ಪನಿಗೆ ದಿಗಿಲಾಯಿತು. ಕೋವಿ ಆರಿಸಲು ನಾವು ಮೂವರೂ ಪೇಟೆಗೆ ಹೋದೆವು.

ಅಂಗಡಿಯವನು ಅಮ್ಮನನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿಕ್ಕೆ ಹೆಚ್ಚೇನೂ ಇರಲಿಲ್ಲ. ಅಮ್ಮ ಅವನ ಎದೆಯವರೆಗೆ ಬರುತ್ತಿದ್ದಳು. ಅವನು ನಗುತ್ತಾ ತೆಳ್ಳಗಿನ ಒಂದು ಕೋವಿ ತಂದಿಟ್ಟ. ಹೆಂಗಸರಿಗೆ ಇದು ಹಿತ, ಹಗುರ, ಭುಜಕ್ಕೆ ಒದೆಯುವುದಿಲ್ಲ, ಜಿಂಕೆ ದೂರದಲ್ಲಿದ್ದರೂ ತಪ್ಪುವುದಿಲ್ಲ ಎಂದ.

“ಎದುರು ಬಂದರೆ?” ಎಂದಳು ಅಮ್ಮ.

ಏನು ಎದುರು ಬಂದರೆ ಎಂದು ಅವನಿಗೆ ಅರ್ಥವಾಗಲಿಲ್ಲ. ಅಮ್ಮ ನನ್ನ ಅಪ್ಪನ ಕಾಲನ್ನು ತೋರಿಸಿದಳು. ಅವನ ನಗು ಹೋಯಿತು.

ಆಮೇಲೆ ಅವನು ಟ್ರಿಗರ್ ಎಳೆದಷ್ಟೂ ತಾನಾಗಿ ತೋಟೆ ತುಂಬಿಕೊಳ್ಳುವ ಕೋವಿ ತಂದ. ಅಮ್ಮ ಅದನ್ನೂ ಬದಿಗೆ ಸರಿಸಿದಳು. ಅಜ್ಜನ ಕೋವಿಯಲ್ಲಿ ಒಂದೇ ತೋಟೆ. ಒಮ್ಮೆ ಗುಂಡು ತಗುಲಿದ ಹಂದಿ ತಿರುಗಿ ಬಂದಾಗ ಅಜ್ಜ ಕೋವಿ ಬಿಸಾಡಿ ಗೋಳಿಮರ ಹತ್ತಿದ್ದರು. ಆ ಕತೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ. ಹಾಗಾಗಿ ಅವಳಿಗೆ ಎರಡನೆಯ ಗುಂಡು ಬೇಕು, ಆದರೆ ಅದು ತನ್ನ ಕೈಯಿಂದಲೇ ಒಳಗೆ ಹೋಗಬೇಕು. “ತಾನಾಗಿ ಆಗುವುದು ಒಂದು ದಿನ ತಾನಾಗಿ ನಿಲ್ಲುತ್ತದೆ” ಎಂದು ಅಂಗಡಿಯವನಿಗೆ ಕಲ್ಲು ಕಲ್ಲು ಜರ್ಮನ್‌ನಲ್ಲಿ ಹೇಳಿದಳು. ಅವನು ಒಳಗೆ ಹೋಗಿ ಹಳೆಯ ಬೋಲ್ಟಿನ ರೈಫಲ್ ಒಂದನ್ನು ತಂದ. ಹಿಡಿಯನ್ನು ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹಾರಬೇಕು, ಮುಂದಕ್ಕೆ ತಳ್ಳಿದರೆ ಒಂದು ಉಕ್ಕಿನ ಉಗುರು ಹೊಸ ತೋಟೆಯನ್ನು ಹಿಡಿದುಕೊಂಡೇ ಒಳಗೆ ಹೋಗಬೇಕು. ತೋಟೆಯೋ ನನ್ನ ಬೆರಳಿಗಿಂತ ದಪ್ಪ. ಹಿಂದೆ ಆಫ್ರಿಕಾಕ್ಕೆ ಹೋಗುತ್ತಿದ್ದ ಜರ್ಮನರು ಕಾಡೆಮ್ಮೆಗೂ ಇದೇ ತೋಟೆ ಒಯ್ಯುತ್ತಿದ್ದರು, ಇದು ನಿಮ್ಮನ್ನು ಕತ್ತೆಯ ಹಾಗೆ ಒದೆಯುತ್ತದೆ ಎಂದು ಅವನು ಎಚ್ಚರಿಸಿದ.

“ಒದೆಯಲಿ. ಹಂದಿಗೂ ಒದೆಯಬೇಕಲ್ಲ,” ಎಂದಳು ಅಮ್ಮ.

ತೊಡಕು ಒಂದೇ. ಭುಜಕ್ಕೆ ಒತ್ತುವ ಮರದ ಭಾಗ ಅಮ್ಮನಿಗೆ ತುಂಬ ಉದ್ದ. ಬೋಲ್ಟು ಎಳೆಯಲು ಪ್ರತಿ ಸಲ ಕೋವಿ ಇಳಿಸಬೇಕಾಗುತ್ತಿತ್ತು. ಅಂಗಡಿಯವನು ಅವಳ ಮೊಣಕೈಯಿಂದ ಬೆರಳಿನವರೆಗೆ ಟೇಪು ಹಿಡಿದು, ಇಷ್ಟು ಮರ ಕೊಯ್ಯಬೇಕು, ಕೊಯ್ದ ಮೇಲೆ ಇದು ಬೇರೆ ಯಾರಿಗೂ ಆಗುವುದಿಲ್ಲ, ಯೋಚಿಸಿ ಎಂದ.

“ಕೊಯ್ದ ಮರ ಪುನಃ ಬೆಳೀತದಾ? ಸ್ವಲ್ಪ ನಿಧಾನ ಮಾಡುವಾ,” ಎಂದರು ಅಪ್ಪ, ಕೊನೆಯ ಆಸೆಯಿಂದ.

“ಬೇರೆ ಯಾರು ಹಿಡೀಲಿಕ್ಕುಂಟು ಇದನ್ನ? ಕೊಯ್ಲಿ,” ಎಂದಳು ಅಮ್ಮ.

ಆ ಬೇಸಿಗೆ ನಮ್ಮ ಮನೆಯಲ್ಲಿ ಹೊಸ ಆಟ ಶುರುವಾಯಿತು. ರೈಫಲ್ಲು ಕಾನೂನಿನ ಪ್ರಕಾರ ನೆಲಮಾಳಿಗೆಯ ಉಕ್ಕಿನ ಕಪಾಟಿನಲ್ಲಿ. ಅಭ್ಯಾಸಕ್ಕೆ ಅಪ್ಪನ ಹಳೇ ಕೊಡೆ. ಅಮ್ಮ ಕೊಡೆಯನ್ನು ಭುಜಕ್ಕಿಟ್ಟು ಮನೆಯೊಳಗಿನ ಓಣಿಯ ತುದಿಯಲ್ಲಿ ನಿಲ್ಲುವುದು, ನಾನು ಮೂಗಿನ ಮುಂದೆ ದಿಂಬು ಹಿಡಿದು ಗುಟುರು ಹಾಕುತ್ತಾ ಅಡುಗೆಮನೆಯಿಂದ ನುಗ್ಗುವುದು. ನಾನು ಮುಟ್ಟುವುದರೊಳಗೆ ಅವಳು ‘ಢಂ’ ಎಂದು, ಕೊಡೆ ಭುಜದಿಂದ ಇಳಿಸದೆ ಇಲ್ಲದ ಬೋಲ್ಟನ್ನು ಎಳೆದು ತಳ್ಳಿ, ಮತ್ತೆ ‘ಢಂ’ ಎನ್ನಬೇಕು. ಮೊದಮೊದಲು ನಾನೇ ಗೆದ್ದೆ. ಆಮೇಲೆ ಅಮ್ಮನ ಕೈಯೇ ಕಾಣಿಸುತ್ತಿರಲಿಲ್ಲ. ಸತ್ತು ಬಿದ್ದ ನನ್ನನ್ನು ಎಬ್ಬಿಸಿ ಬಾಯಿಗೆ ಎಳ್ಳುಂಡೆ ಹಾಕುತ್ತಿದ್ದಳು. ಅಪ್ಪ ಸೋಫಾದಲ್ಲಿ ಕಾಲು ಚಾಚಿ ಕೂತು, ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು.

ಶರತ್ಕಾಲ ಬಂತು, ನವರಾತ್ರಿ ಬಂತು. ಆಯುಧಪೂಜೆಯ ಬೆಳಿಗ್ಗೆ ಅಮ್ಮ ಉಕ್ಕಿನ ಕಪಾಟು ತೆರೆದು ರೈಫಲ್ಲಿನ ಮರಕ್ಕೆ ಕುಂಕುಮ ಹಚ್ಚಿದಳು. ಹೊರಗೆ ಇಡುವಂತಿಲ್ಲವಲ್ಲ, ಹಾಗಾಗಿ ಬಾಗಿಲು ಹಾಕಿ ಕಪಾಟಿನ ಹಿಡಿಗೇ ಚೆಂಡುಹೂವಿನ ಮಾಲೆ ಹಾಕಿ, ಮುಂದೆ ರಂಗೋಲಿ ಬರೆದು, ಅಪ್ಪನ ಲ್ಯಾಪ್‌ಟಾಪು, ಕಾರಿನ ಕೀ, ತರಕಾರಿ ಹೆಚ್ಚುವ ತನ್ನ ಮೆಟ್ಟುಕತ್ತಿ ಎಲ್ಲ ಸಾಲಾಗಿ ಇಟ್ಟಳು. ಆರತಿ ಮುಗಿಯುವಾಗ ಫೋನು ಬಂತು. ಅಲೋಯಿಸಜ್ಜ. ಕಾಡಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಎಡಗೋರೆ ಮುರಿದ ಹಂದಿ ಬಿದ್ದಿದೆ, ಅದರ ಹೆಜ್ಜೆ ಜೋಳದೊಳಗೆ ಹೋಗಿದೆ, ಹೊರಗೆ ಬಂದಿಲ್ಲ, ಮಧ್ಯಾಹ್ನ ಹೊಲ ಕೊಯ್ಯುತ್ತೇವೆ, ಕೂಡಲೇ ಬಾ ಎಂದ.

ಅಮ್ಮ ಕಪಾಟನ್ನು ನೋಡಿದಳು. “ಇವತ್ತು ಆಗುದಿಲ್ಲ,” ಎಂದಳು.

ನನಗೆ ಹುಚ್ಚು ಹಿಡಿದ ಹಾಗಾಯಿತು. “ತೆಗಿ ಅಮ್ಮಾ! ದೇವ್ರು ಎಂತ ಹೇಳುದಿಲ್ಲ! ಅದು ತಪ್ಪಿಸ್ಕೊಳ್ತದೆ!”

“ಪೂಜೆಗೆ ಇಟ್ಟದ್ದನ್ನ ಎಬ್ಬಿಸುದು ನಾಳೆ. ಹಂದಿ ಅಂಗಳಕ್ಕೆ ಬಂದು ನಿಂತ್ರೂ ನಿನ್ನ ಅಜ್ಜ ಈ ದಿನ ಕೋವಿ ಮುಟ್ಟಿದವ್ರಲ್ಲ.”

“ದೇವ್ರು ಹಂದಿಯ ಪಕ್ಷ ಅಂತ ಕಾಣ್ತದೆ,” ಎಂದು ಅಪ್ಪ ಸೊರ್ರೆಂದು ಪಾಯಸ ಕುಡಿದರು. ನಾನು ಪಾಯಸ ಮುಟ್ಟಲಿಲ್ಲ. ಅಮ್ಮ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಇಡೀ ಮಧ್ಯಾಹ್ನ ಯಂತ್ರದ ಸದ್ದು ಕೇಳುತ್ತಿದ್ದಳು. ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಅರ್ಧ ಹೊಲ ಆಗುವಾಗ ಜೋರು ಮಳೆ ಬಂದು ಯಂತ್ರ ನಿಂತಿತು. ಹಂದಿ ಹೊರಗೆ ಬಂದಿರಲಿಲ್ಲ.

ಮರುದಿನ ವಿಜಯದಶಮಿ. ಮುಂಜಾನೆ ಅಮ್ಮ ಹೂವು ಸರಿಸಿ, ಕಪಾಟಿಗೆ ಕೈಮುಗಿದು, ರೈಫಲ್ ತೆಗೆದುಕೊಂಡು ಹೋದಳು. ಅಪ್ಪ, ನಾನು ದೂರದ ದಾರಿಯಲ್ಲಿ ಕಾರಿನೊಳಗೆ. ಉಳಿದದ್ದು ಜೋಳದ ಒಂದು ಪಟ್ಟಿ ಮಾತ್ರ, ಸುತ್ತ ಬೇಟೆಗಾರರು. ಯಂತ್ರ ಒಳಗೆ ಹೋಯಿತು. ಆ ಕಪ್ಪು ಹೊರಬಂದಾಗ ನಾನು ಅಪ್ಪನ ಕೈ ಕಚ್ಚಿದೆನಂತೆ. ಅಮ್ಮನ ಮೊದಲ ಗುಂಡಿಗೆ ಅದು ಮುಗ್ಗರಿಸಿತು, ಎದ್ದಿತು, ಅವಳ ಕಡೆಗೇ ತಿರುಗಿತು. ಅಮ್ಮ ಮರ ಹತ್ತಲಿಲ್ಲ. ಕೋವಿ ಭುಜದಿಂದ ಇಳಿಯಲಿಲ್ಲ. ಅವಳ ಕೈ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಎರಡನೆಯ ಗುಂಡಿಗೆ ಹಂದಿ ಅವಳ ಬೂಟಿನ ಹತ್ತಿರ ಬಂದು ಮಲಗಿತು. ನಾನು ಕಾರಿನಿಂದ ಹಾರಿ ಓಡಿದೆ. ಅಮ್ಮ ಜೇಬಿನಿಂದ ಕುಂಕುಮದ ಕರಡಿಗೆ ತೆಗೆದು ಆ ಚೂರನ್ನು ಮುರಿದ ಕೋರೆಗೆ ಹಿಡಿದಳು. ಸರಿಯಾಗಿ ಕೂತಿತು. ನಾನು ಕುಣಿದೆ. ಹಂದಿಯ ಹೊಟ್ಟೆಗೆ ಒದ್ದೆ.

ಅಲೋಯಿಸಜ್ಜ ಟೊಪ್ಪಿ ತೆಗೆದ. ಈ ನಾಡಿನ ಕ್ರಮದಂತೆ, ಸತ್ತ ಪ್ರಾಣಿಯ ಬಾಯಿಗೆ ಹೊಡೆದವರೇ ಒಂದು ಹಸಿರು ಟೊಂಗೆ ಇಡಬೇಕು, ಅದರ ಕೊನೆಯ ತುತ್ತು ಎಂದು ಹೇಳಿ ಓಕ್ ಮರದ ಟೊಂಗೆ ಚಾಚಿದ. ಅಮ್ಮ ಕೈ ಮುಂದೆ ಮಾಡಲಿಲ್ಲ.

“ನನ್ನ ಗಂಡನ ಕಾಲು ತಿಂದಾಯ್ತಲ್ಲ ಅದು. ಇನ್ನೆಂತ ತುತ್ತು?”

ಅಲೋಯಿಸಜ್ಜ ನನ್ನ ಮುಖ ನೋಡಿದ. ನಾನು ಒಂದು ಅಕ್ಷರ ಬಿಡದೆ ಜರ್ಮನ್‌ನಲ್ಲಿ ಹೇಳಿದೆ, ಬಾಯಿ ಚಪ್ಪರಿಸಿಕೊಂಡು.

ಅಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಹೊಲ ದಾಟಿ ಬಂದರು. ಅಲೋಯಿಸಜ್ಜನ ಕೈಯಿಂದ ಟೊಂಗೆ ತೆಗೆದುಕೊಂಡರು. ಬಗ್ಗಲು ನೋಡಿದರು. ಕಾಲು ಮಡಚಲಿಲ್ಲ. ಕೋಲನ್ನು ಬದಲಿಸಿ ಇನ್ನೊಂದು ಬದಿಯಿಂದ ನೋಡಿದರು, ಕೆಸರಿನಲ್ಲಿ ಜಾರಿದರು. ಬೇಟೆಗಾರರೆಲ್ಲ ನೆಲ ನೋಡುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ತಡೆದಳು, ಆಮೇಲೆ ತಡೆಯಲಾಗಲಿಲ್ಲ.

“ಬಗ್ಗಲಿಕ್ಕೆ ಆಗ್ತದಾ ನಿಮ್ಗೆ? ಕೊಡಿ ಇಲ್ಲಿ!” ಎಂದು ಟೊಂಗೆ ಕಿತ್ತುಕೊಂಡು, ಹಟ ಹಿಡಿದ ಮಗುವಿಗೆ ಔಷಧಿ ತುರುಕಿದ ಹಾಗೆ ಹಂದಿಯ ಬಾಯಿಗೆ ತುರುಕಿದಳು. ಅಲ್ಲೇ ಮಂಡಿಯೂರಿ ಕೂತು ಅಳತೊಡಗಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಗೆದ್ದವರು ಅಳುವುದು ಯಾಕೆ?

ಕಾಯಿತುರಿ, ಮಸಾಲೆ ಹಾಕಿ ಹುರಿದು ಸುಕ್ಕ ಮಾಡಿದರೆ ಆ ಮುದಿ ಹಂದಿಯ ಮಾಂಸ ರಬ್ಬರಿನ ಹಾಗಿತ್ತು. ಅಮ್ಮ, ನಾನು ಹಲ್ಲು ನೋಯುವವರೆಗೆ ಅಗಿದೆವು. ಅಪ್ಪ ಅನ್ನ ಮೊಸರು ಉಂಡರು.

ಹೋದ ವರ್ಷ ಅಮ್ಮ ತೀರಿಕೊಂಡಳು. ಅವಳ ರೈಫಲ್ ಬೇರೆಯವರ ಪಾಲಾಗಬಾರದೆಂದು ನಾನೂ ಆ ಪರೀಕ್ಷೆ ಬರೆದೆ. ಈ ಸಲದ ಆಯುಧಪೂಜೆಗೆ ಕಪಾಟಿನ ಹಿಡಿಗೆ ಹೂವು ಹಾಕಿದ್ದು ಅಪ್ಪ. ಮರುದಿನ ನಾನು ಅದನ್ನು ತೆಗೆದು ಭುಜಕ್ಕಿಟ್ಟೆ. ನನ್ನದು ಈ ನಾಡಿನ ಹಾಲು ಕುಡಿದು ಬೆಳೆದ ಮೈ, ಉದ್ದ ಕೈ. ಅಮ್ಮನ ಅಳತೆಗೆ ಕೊಯ್ದ ಮರ ಎಲ್ಲೂ ಸೇರಲಿಲ್ಲ. ಕೆನ್ನೆ ತಾಗುವ ಜಾಗದಲ್ಲಿ ಅವಳ ತಲೆಯ ತೆಂಗಿನೆಣ್ಣೆಯ ವಾಸನೆ ಇನ್ನೂ ಬರುತ್ತದೆ. ತುಂಡು ಮರ ಸೇರಿಸಿ ಉದ್ದ ಮಾಡಿಕೊಡುತ್ತೇನೆ ಎಂದು ಅಂಗಡಿಯವನ ಮಗ ಹೇಳಿದ. ಬೇಡ ಎಂದೆ.

ಅಮ್ಮನನ್ನು ಒಳಗೊಳಗೇ ತಿಂದು ಹೋದ ರೋಗಕ್ಕೆ ಕೋರೆ ಇರಲಿಲ್ಲ, ಕೆಸರಿನಲ್ಲಿ ಹೆಜ್ಜೆ ಇರಲಿಲ್ಲ, ಕರಡಿಗೆಯಲ್ಲಿ ಇಟ್ಟುಕೊಳ್ಳಲು ಒಂದು ಚೂರನ್ನೂ ಅದು ಬಿಟ್ಟು ಹೋಗಲಿಲ್ಲ. ಅದು ಯಾವ ಹೊಲದಿಂದ ಹೊರಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಮರ ಭುಜಕ್ಕೆ ಸೇರದಿದ್ದರೂ ಸರಿ, ನಾನು ಹೋಗಿ ನಿಲ್ಲುತ್ತೇನೆ.