ಕಾಯಿರಿ ಎಂದ ಮೇಲೆ ಹುಟ್ಟಿದ ಮರಿಗಳು

ಕೋವಿಡ್‌ನ ಎರಡನೇ ಅಲೆ ಇಳಿದ ವರ್ಷದ ಚಳಿಗಾಲ. ನಾನು ಗೋಕಾಕದಲ್ಲಿ ಪಶುರೋಗ ಪತ್ತೆ ಮಾಡುವ ಸಣ್ಣ ಪ್ರಯೋಗಾಲಯವೊಂದನ್ನು ನೋಡಿಕೊಳ್ಳುತ್ತಿದ್ದೆ. ಎಮ್ಮೆ, ಆಡು, ಕೋಳಿಗಳದೇ ಹೆಚ್ಚಿನ ಕೆಲಸ. ಹಂದಿಯ ಮಾದರಿ ಬರುವುದು ಅಪರೂಪ. ಒಂದು ಬೆಳಿಗ್ಗೆ ಮೂಡಲಗಿ ಕಡೆಯ ಸಾವಕ್ಕ ಎಂಬ ಹಂದಿ ಸಾಕುವ ಹೆಣ್ಣುಮಗಳು ಬಕೆಟ್ ತಂದಿಟ್ಟಳು. ಒಳಗೆ ಹನ್ನೊಂದು ಸತ್ತ ಮರಿ. ಯಾವುದಕ್ಕೂ ಹುಟ್ಟಿ ವಾರ ತುಂಬಿರಲಿಲ್ಲ. ವಾಂತಿ, ನೀರಿನಂಥ ಭೇದಿ, ನಂತರ ಸಾವು. ಅವಳ ಕೊಟ್ಟಿಗೆಯಲ್ಲಿ ಇನ್ನೂ ಎಂಟು ಗಬ್ಬದ ಹಂದಿಗಳಿದ್ದವು.

ಹಂದಿಯ ಕರುಳಿಗೆ ತಗಲುವ ಒಂದು ಕೊರೋನಾ ವೈರಸ್ ಹೀಗೆ ಮಾಡುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ, ದೊಡ್ಡ ಹಂದಿ ತಡೆದುಕೊಳ್ಳುತ್ತದೆ, ಎಳೆಮರಿ ಉಳಿಯುವುದಿಲ್ಲ. ಪತ್ತೆಗೆ ನಮ್ಮಲ್ಲಿ ಆಂಟಿಬಾಡಿ ಇತ್ತು: ಆ ಒಂದು ವೈರಸ್ಸಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನು. ಅದಕ್ಕೆ ಹೊಳೆಯುವ ಬಣ್ಣ ಸೇರಿಸಿರುತ್ತಾರೆ. ಕರುಳಿನ ತೆಳುವಾದ ಪದರಿನ ಮೇಲೆ ಹಾಕಿ ತೊಳೆದಾಗ ಹಸಿರು ಉಳಿದರೆ ವೈರಸ್ ಇದೆ ಎಂದರ್ಥ. ಆದರೆ ಸತ್ತ ಮರಿಯ ಕರುಳಿನ ಒಳಪದರ ಬೇಗ ಉದುರಿಹೋಗುತ್ತದೆ. ಕೊಯ್ದು ನೋಡಲು ಆಗತಾನೆ ಭೇದಿ ಶುರುವಾದ ಜೀವಂತ ಮರಿ ಬೇಕು ಎಂದೆ.

"ಹನ್ನೊಂದು ಸತ್ತಾವ್ರಿ ಸಾಹೇಬ್ರ, ಅವು ಸಾಲಲಿಲ್ಲೇನು? ಇದ್ದದ್ದೂ ನಿಮಗ ಕೊಡಬೇಕ?" ಎಂದಳು ಸಾವಕ್ಕ. ಮರುದಿನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಒಂದನ್ನು ತಂದಳು. ಮೇಜಿನ ಮೇಲೆ ಇಟ್ಟವಳು ಹೊರಗೆ ಹೋಗಿ ನಿಂತಳು.

ಹಸಿರು ಹೊಳೆಯಿತು.

ಹೇಳಲು ನಾನೇ ಮೂಡಲಗಿಗೆ ಹೋದೆ. "ಕೊರೋನಾ ಅನ್ನೂ ಹೆಸರು ಇಲ್ಲೇ ನುಂಗ್ರಿ," ಎಂದಳು ಸಾವಕ್ಕ. "ಓಣ್ಯಾಗ ಗೊತ್ತಾದ್ರ ನಳದ ನೀರಿಗೂ ಬಿಡಂಗಿಲ್ಲ ನನ್ನ."

ದಡ್ಡಿ ಊರಿನಿಂದ ಬಂದಿದ್ದ ಅವಳ ಅಣ್ಣ ಭರಮಪ್ಪ, ಅಷ್ಟರಲ್ಲಿ ಸತ್ತ ಇನ್ನಷ್ಟು ಮರಿಗಳ ಕರುಳು ತೆಗೆದು ಡಬ್ಬಿಯಲ್ಲಿ ಇಟ್ಟಿದ್ದ. ಅವನು ಗೋವಾದ ಹಂದಿ ಫಾರಂನಲ್ಲಿ ದುಡಿದವನು.

"ಇದನ್ನ ಅರದು ಗಬ್ಬದವಕ್ಕ ತಿನಸೂದ್ರಿ ಡಾಕ್ಟರ. ಮುಂದ ಹಾಲಿನಾಗ ತಾಕತ್ತು ಇಳೀತೈತಿ, ಮರಿ ಉಳಿತಾವು. ನಾ ಮಾಡೇನಿ."

ಅವನು ಹೇಳಿದ್ದು ಸುಳ್ಳಲ್ಲ. ಕೆಲವು ಫಾರಂಗಳಲ್ಲಿ ಈ ರೂಢಿ ಇದೆ. ತಾಯಿಯ ಮೈಯಲ್ಲಿ ಪ್ರತಿರೋಧ ಹುಟ್ಟಿ ಹಾಲಿಗೆ ಇಳಿಯಲು ಎರಡು ಮೂರು ವಾರ ಬೇಕು. ಎಂಟರಲ್ಲಿ ಮೂರು ಹಂದಿಗಳು ಈಯಲು ಅಷ್ಟೇ ಸಮಯ ಉಳಿದಿತ್ತು.

ನನ್ನ ಆತಂಕ ಬೇರೆ. ಆಂಟಿಬಾಡಿ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅದೇ ಕರುಳಿನಲ್ಲಿ ದೊಡ್ಡ ಹಂದಿಗಳನ್ನೂ ಕೊಲ್ಲುವ ಹಂದಿಜ್ವರದ ವೈರಸ್ಸೂ ಇದ್ದರೆ ನಾವೇ ಕೈಯಾರೆ ಎಂಟೂ ತಾಯಂದಿರಿಗೆ ಅದನ್ನು ಉಣಿಸಿದಂತೆ. ಆ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ. ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತೇನೆ, ಡಬ್ಬಿ ಮಂಜುಗಡ್ಡೆಯಲ್ಲಿರಲಿ, ವರದಿ ಬರುವವರೆಗೆ ಕಾಯಿರಿ ಎಂದೆ.

ಭರಮಪ್ಪ ತಂಗಿಯ ಮುಖ ನೋಡಿದ. ಸಾವಕ್ಕ ಡಬ್ಬಿಯ ಮುಚ್ಚಳ ಒತ್ತಿ ನನಗೆ ಹೇಳಿದಳು: "ಬ್ಯಾಡ ಅಂದವ್ರು ನೀವು. ಆ ಮೂರೂ ಈಯೂವಾಗ ನೀವ ಬಂದು ನಿಂದ್ರಬೇಕು ನೋಡ್ರಿ."

ವರದಿ ತಡವಾಯಿತು. ದಿನಾ ಸಂಜೆ ಭರಮಪ್ಪನ ಫೋನ್: "ಬಂತೇನ್ರಿ?" ಇಲ್ಲ ಎಂದರೆ ಇಟ್ಟುಬಿಡುತ್ತಿದ್ದ.

ಕೊನೆಗೆ ಬಂತು. ಹಂದಿಜ್ವರ ಇರಲಿಲ್ಲ. ತಡವಾಗಿ ಈಯಲಿದ್ದ ಐದು ಹಂದಿಗಳಿಗೆ ಅಂದೇ ಆ ಕರುಳು ಅರೆದು ತಿನ್ನಿಸಿದೆವು. ಮೊದಲು ಈಯಲಿದ್ದ ಮೂರಕ್ಕೆ ಸಮಯ ಮೀರಿತ್ತು.

ಆ ಮೂರರಲ್ಲಿ ಮೊದಲನೆಯದು ಈದ ದಿನ ಹೋದೆ. ಮರಿಗಳು ಗಟ್ಟಿಮುಟ್ಟಾಗಿದ್ದವು, ಮೊಲೆಗೆ ಕಚ್ಚಾಡುತ್ತಿದ್ದವು. ಮರುದಿನವೂ ಹಾಗೇ ಇದ್ದವು. ಭರಮಪ್ಪ ಬೀಡಿ ಹಚ್ಚಿ ಮೊದಲ ಬಾರಿ ನಕ್ಕ. ಅದರಾಚೆ ದಿನ ಒಂದು ಮರಿ ಒಡೆದ ಹಾಲು ಕಕ್ಕಿತು. ನಾನು ಪೆನ್ನು ತೆಗೆದೆ.

"ಬರಕೊಳ್ಳೂದು ಬಿಡ್ರಿ, ಇದನ್ನ ಹಿಡೀರಿ," ಎಂದು ಸಾವಕ್ಕ ಆ ಮರಿಯನ್ನು ನನ್ನ ಕೈಗೆ ಕೊಟ್ಟಳು. ಉಪ್ಪು ಸಕ್ಕರೆ ನೀರು ಕುಡಿಸಿದೆ. ಮೈ ತಣ್ಣಗಾಗುವವರೆಗೆ ಹಿಡಿದುಕೊಂಡಿದ್ದೆ.

ಆ ಮೂರು ಹಂದಿಗಳ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದ ಐದರ ಮರಿಗಳಲ್ಲಿ ಬಹುಪಾಲು ಬದುಕಿದವು.

ಅಂಥದೇ ಪ್ರಸಂಗ ನಾಳೆ ಬಂದರೂ ನಾನು ಕಾಯಿರಿ ಎಂದೇ ಹೇಳುತ್ತೇನೆ. ಆದರೆ ಹಾಗೆ ಹೇಳಿದವನು, ಕಾದದ್ದರ ಫಲ ಕಣ್ಣಿಗೆ ಬೀಳುವ ದಿನ ಆ ಕೊಟ್ಟಿಗೆಯಲ್ಲಿ ಇರಬೇಕು. ನೌಕರಿ ನನಗೆ ಕಲಿಸಿದ್ದು ಅಷ್ಟು.